ಟ್ರ್ಯಾಕ್ಟರಿನ ವಿದ್ಯುನ್ಮಾರ್ಗದ ದೋಷಗಳು ಮತ್ತು ಅವುಗಳನ್ನು ಪತ್ತೆಮಾಡುವ ಕ್ರಮ

ಮುಂಗಾರು ಮಳೆಯು ಬಿದ್ದು ಭೂಮಿಯು ಹದಕ್ಕೆ ಬಂದ ಮೇಲೆ ಬಿತ್ತನೆಗೆ ದೊರೆಯುವ ಕಾಲವು ಬಹು ಸ್ವಲ್ಪವಾದುದು. ಮರಳುಗೂಡಿದ ಕೆಂಪು ಭೂಮಿಗಳಲ್ಲಿ ಆ ಹದವು ಕೆಲವೇ ದಿವಸಗಳು ಮಾತ್ರ ನಿಲ್ಲುವುದೆಂಬುದು ಸಾಗುವಳಿದಾರರೆಲ್ಲರೂ ಬಲ್ಲ ಸಂಗತಿ. ಅಂತಹ ದಿವಸಗಳಲ್ಲಿಯೇ, ಬೆಳಗಿನ ಜಾವ ಕೀಲಿಯನ್ನು ತಿರುಗಿಸಿದಾಗ ಟ್ರ್ಯಾಕ್ಟರು ‘ಟಕ್’ ಎಂದು ಒಂದು ಸದ್ದುಮಾಡಿ ಸುಮ್ಮನಾದರೆ, ಅದರ ಯಜಮಾನನ ಮನಸ್ಸಿಗೆ ಆಗುವ ಕಳವಳವನ್ನು ವಿವರಿಸಬೇಕಾದುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬ್ಯಾಟರಿಯು ಸತ್ತುಹೋಯಿತೆಂದು ಭಾವಿಸಿ, ಪೇಟೆಗೆ ಹೋಗಿ, ಕೆಲವು ಸಾವಿರ ರೂಪಾಯಿಗಳನ್ನು ತೆತ್ತು ಹೊಸ ಬ್ಯಾಟರಿಯನ್ನು ತರುವುದು. ಹೊಸದನ್ನು ಕೂರಿಸುವಾಗ ಕೊಂಡಿಗಳು ತಾವಾಗಿಯೇ ಸ್ವಲ್ಪ ಉಜ್ಜಲ್ಪಡುವುದರಿಂದ ಟ್ರ್ಯಾಕ್ಟರು ಕೆಲವು ದಿವಸ ಓಡುವುದು. ಅನಂತರ ಅದೇ ತೊಂದರೆ ಮರಳಿ ಬರುವುದು. ದೋಷವಿದ್ದುದು ಬ್ಯಾಟರಿಯಲ್ಲಲ್ಲ, ಅದರಿಂದ ಹೊರಟ ಹಾದಿಯಲ್ಲಿ. ಹಾದಿಯನ್ನು ಪರೀಕ್ಷಿಸದೆ ಭಾಗಗಳನ್ನು ಬದಲಿಸುತ್ತ ಹೋಗುವುದರಿಂದ ಹಣವೂ ಹದವೂ ಎರಡೂ ನಷ್ಟವಾಗುವುವು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಒಂದು ಮೀಟರಿನ ಸಹಾಯದಿಂದ, ದೋಷವು ಎಲ್ಲಿರುವುದೆಂಬುದನ್ನು ಸ್ವಲ್ಪ ಹೊತ್ತಿನಲ್ಲಿಯೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ.

ವಿದ್ಯುತ್ತು ಸಂಚರಿಸುವ ಹಾದಿ

ಟ್ರ್ಯಾಕ್ಟರಿನಲ್ಲಿ ವಿದ್ಯುತ್ ಪ್ರವಾಹವು ಬ್ಯಾಟರಿಯ ಧನಾಗ್ರದಿಂದ ಹೊರಟು, ದಪ್ಪನಾದ ತಂತಿಯ ಮೂಲಕ ಸ್ಟಾರ್ಟರ್ ಮೋಟಾರಿಗಾಗಲಿ, ಸಣ್ಣ ತಂತಿಗಳ ಮತ್ತು ಫ್ಯೂಸುಗಳ ಮೂಲಕ ದೀಪಗಳಿಗಾಗಲಿ ಹೋಗಿ, ಕೆಲಸವನ್ನು ಮಾಡಿ, ಪುನಃ ಬ್ಯಾಟರಿಯ ಋಣಾಗ್ರಕ್ಕೆ ಹಿಂದಿರುಗುವುದು. ಹಿಂದಿರುಗುವ ಹಾದಿಗೆ ಬೇರೆ ತಂತಿಯನ್ನು ಎಳೆಯದೆ ಟ್ರ್ಯಾಕ್ಟರಿನ ಕಬ್ಬಿಣದ ಒಡಲನ್ನೇ ಬಹುಮಟ್ಟಿಗೆ ಉಪಯೋಗಿಸಿರುತ್ತಾರೆ. ಇದನ್ನೇ ‘ಅರ್ತ್’ ಎಂದು ಕರೆಯುವುದು. ಹೋಗುವ ಹಾದಿಯಲ್ಲಿ ದೋಷವಿದ್ದರೆ ಹೇಗೋ ಹಾಗೆಯೇ ಹಿಂದಿರುಗುವ ಹಾದಿಯಲ್ಲಿ ದೋಷವಿದ್ದರೂ ಕೆಲಸವು ಕೆಡುವುದು. ಆದರೂ ಎರಡನೆಯದನ್ನು ಪರೀಕ್ಷಿಸುವವರು ಕಡಿಮೆ.

ಈ ವ್ಯವಸ್ಥೆಯನ್ನು ಕೆರೆಯ ನೀರಾವರಿಗೆ ಹೋಲಿಸಬಹುದು. ಕೆರೆಯು ತುಂಬಿದ್ದರೂ ತೂಬು ಹೂಳಿನಿಂದ ಮುಚ್ಚಿಹೋಗಿದ್ದರೆ ಗದ್ದೆಗೆ ನೀರು ಬಾರದು. ವೋಲ್ಟ್ ಎಂಬುದು ನೀರಿನ ಒತ್ತಡದಂತೆ. ಆಂಪಿಯರ್ ಎಂಬುದು ಹರಿಯುವ ನೀರಿನ ಪ್ರಮಾಣದಂತೆ. ಓಮ್ ಎಂಬುದು ಹಾದಿಯಲ್ಲಿರುವ ತಡೆಯ ಅಳತೆ. ಜರ್ಮನಿಯ ಗೇಯೋರ್ಗ್ ಓಮ್ ಎಂಬ ವಿದ್ವಾಂಸನು ೧೮೨೭ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಯಾವುದಾದರೂ ಒಂದು ತಡೆಯಲ್ಲಿ ನಷ್ಟವಾಗುವ ವೋಲ್ಟುಗಳು, ಅದರ ಮೂಲಕ ಹರಿಯುವ ಆಂಪಿಯರುಗಳನ್ನು ಆ ತಡೆಯ ಓಮುಗಳಿಂದ ಗುಣಿಸಿದಷ್ಟಿರುವುವು.

ಇದರಿಂದ ಹೊರಡುವ ಒಂದು ಮುಖ್ಯ ವಿಷಯವನ್ನು ಗಮನದಲ್ಲಿಡತಕ್ಕದ್ದು. ತುಕ್ಕು ಹಿಡಿದ ಒಂದು ಕೊಂಡಿಯಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ಮಾತ್ರ ತಡೆಯಿದೆಯೆಂದು ಇಟ್ಟುಕೊಳ್ಳೋಣ. ಐದು ಆಂಪಿಯರುಗಳನ್ನು ತೆಗೆದುಕೊಳ್ಳುವ ಒಂದು ದೀಪಕ್ಕೆ ಇದರಿಂದಾಗುವ ನಷ್ಟ ೦.೦೫ ವೋಲ್ಟ್, ದೀಪವು ಚೆನ್ನಾಗಿಯೇ ಉರಿಯುವುದು. ಆದರೆ ಸ್ಟಾರ್ಟರ್ ಮೋಟಾರು ೨೦೦ ಆಂಪಿಯರುಗಳನ್ನು ಎಳೆದಾಗ ಅದೇ ಕೊಂಡಿಯಲ್ಲಿ ೨ ವೋಲ್ಟುಗಳು ನಷ್ಟವಾಗಿ, ೪೦೦ ವಾಟ್ ಶಕ್ತಿಯು ಶಾಖವಾಗಿ ಪೋಲಾಗುವುದು. ‘ದೀಪಗಳು ಚೆನ್ನಾಗಿ ಉರಿಯುತ್ತವೆ, ಆದಕಾರಣ ಕೊಂಡಿಗಳು ಸರಿಯಾಗಿವೆ’ ಎಂಬ ತೀರ್ಮಾನವು ತಪ್ಪೆಂಬುದು ಇದರಿಂದ ಸ್ಪಷ್ಟವಾಗುವುದು. ಹಾಗೆಯೇ, ಹಲವು ಎಳೆಗಳುಳ್ಳ ದಪ್ಪ ತಂತಿಯಲ್ಲಿ ಒಂದೆರಡು ಎಳೆಗಳ ಹೊರತು ಮಿಕ್ಕವೆಲ್ಲ ಕಡಿದುಹೋಗಿದ್ದರೂ, ಓಮ್ ಅಳೆಯುವ ಮೀಟರು ‘ತಡೆಯಿಲ್ಲ’ ಎಂದೇ ತೋರಿಸುವುದು. ಹರಿಯದೆ ನಿಂತ ನೀರಿಗೆ ಹೂಳು ಅಡ್ಡಿಯಾಗಿ ಕಾಣುವುದಿಲ್ಲವಷ್ಟೆ. ಆದಕಾರಣ ಪ್ರವಾಹವು ಹರಿಯುತ್ತಿರುವಾಗಲೇ ವೋಲ್ಟುಗಳನ್ನು ಅಳೆದುನೋಡಬೇಕೆಂಬುದು ಈ ಪರೀಕ್ಷೆಗಳಿಗೆಲ್ಲ ಮೂಲಸೂತ್ರ.

ದೋಷಗಳ ವಿಧಗಳು

ತಂತಿಗಳಲ್ಲಿ ಉಂಟಾಗುವ ದೋಷಗಳು ಮೂರು ವಿಧ. (೧) ಹಾದಿಯು ಪೂರ್ತಿಯಾಗಿ ಕಡಿದುಹೋಗುವುದು: ಇಲಿಗಳು ಕಡಿದ ತಂತಿ, ಕರಗಿದ ಫ್ಯೂಸು, ಕಳಚಿಕೊಂಡ ಕೊಂಡಿ. (೨) ಹಾದಿಯು ಇದ್ದರೂ ಇಕ್ಕಟ್ಟಾಗುವುದು: ತುಕ್ಕು, ಕೆಸರು, ಬಣ್ಣ, ಸಡಿಲವಾದ ಬೋಲ್ಟು. (೩) ಪ್ರವಾಹವು ಅಡ್ಡದಾರಿ ಹಿಡಿಯುವುದು: ಹೊದಿಕೆಯು ಸವೆದು ತಂತಿಯು ಕಬ್ಬಿಣಕ್ಕೆ ತಗಲುವುದು. ಮೊದಲನೆಯದರಿಂದ ಕೆಲಸವು ನಿಲ್ಲುವುದು, ಎರಡನೆಯದರಿಂದ ಕುಂಟುವುದು, ಮೂರನೆಯದರಿಂದ ಬೆಂಕಿಯ ಭಯವುಂಟು. ಗದ್ದೆಗಳಲ್ಲಿ ಕೆಸರು ತುಳಿಯುವ ಟ್ರ್ಯಾಕ್ಟರುಗಳಲ್ಲಿ ಎರಡನೆಯ ವಿಧದ ದೋಷವು ಸಾಧಾರಣ.

ಮುನ್ನೆಚ್ಚರಿಕೆಗಳು

ಪರೀಕ್ಷೆಗೆ ಒಂದು ಮಲ್ಟಿಮೀಟರು, ಎರಡು ತಂತಿಗಳನ್ನು ಬೆಸೆದ ೧೨ ವೋಲ್ಟಿನ ಒಂದು ಬಲ್ಬು, ತಂತಿಯ ಬ್ರಷ್ಷು ಮತ್ತು ಒಂದೆರಡು ಸ್ಪ್ಯಾನರುಗಳು ಸಾಕು. ಕೆಲಸಕ್ಕೆ ತೊಡಗುವ ಮೊದಲು ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕನ್ನು ಬಿಗಿದು, ಚಕ್ರಗಳಿಗೆ ಕಲ್ಲುಗಳನ್ನು ಕೊಡತಕ್ಕದ್ದು.

ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಯಿಂದ ಸಿಡಿಯಬಲ್ಲದಾದುದರಿಂದ, ಬೀಡಿ, ದೀಪ ಮೊದಲಾದ ಬೆಂಕಿಯನ್ನು ಬಳಿಗೆ ತರಕೂಡದು. ಬ್ಯಾಟರಿಯನ್ನು ಕಳಚುವಾಗ ಒಡಲಿಗೆ ಸೇರಿರುವ ಋಣಾಗ್ರದ ತಂತಿಯನ್ನು ಮೊದಲು ಕಳಚಿ, ಕೂಡಿಸುವಾಗ ಅದನ್ನು ಕಡೆಯಲ್ಲಿ ಕೂಡಿಸಬೇಕು. ಈ ಕ್ರಮವನ್ನು ಮೀರಿ ಧನಾಗ್ರವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಒಡಲಿಗೆ ತಗಲಿದರೆ, ನೂರಾರು ಆಂಪಿಯರುಗಳು ಅದರ ಮೂಲಕವೇ ಹರಿದು ಕೈಯನ್ನು ಸುಡುವುವು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಕಳಚಬಾರದು. ಆಲ್ಟರ್ನೇಟರು ಇದರಿಂದ ಕೆಡುವುದು.

ಇನ್ನೊಂದು ಎಚ್ಚರಿಕೆಯು ಇವೆಲ್ಲಕ್ಕಿಂತ ಮುಖ್ಯವಾದುದು. ಕೀಲಿಯಿಂದ ಎಂಜಿನ್ನು ಹೊರಡದಿದ್ದಾಗ, ಕೆಲವರು ನೆಲದ ಮೇಲೆ ನಿಂತುಕೊಂಡು ಸ್ಟಾರ್ಟರಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂಡ್ರೈವರನ್ನು ಅಡ್ಡಹಿಡಿದು ಹೊರಡಿಸುವುದುಂಟು. ಹೀಗೆ ಮಾಡಿದಾಗ ಕ್ಲಚ್ಚಿಗೂ ಗೇರಿಗೂ ಅಳವಡಿಸಿರುವ ರಕ್ಷಣೆಯ ಸ್ವಿಚ್ಚು ನಿರರ್ಥಕವಾಗುವುದು. ಟ್ರ್ಯಾಕ್ಟರು ಗೇರಿನಲ್ಲಿದ್ದರೆ ಕೂಡಲೆ ಮುಂದಕ್ಕೆ ಹರಿದು, ಹಿಂದಿನ ದೊಡ್ಡ ಚಕ್ರವು ಅಲ್ಲಿ ನಿಂತವನ ಮೇಲೆಯೇ ಬರುವುದು. ಈ ರೀತಿಯಲ್ಲಿ ಪ್ರಾಣ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಬಿತ್ತನೆಯು ಎಷ್ಟೇ ಅವಸರದ್ದಾಗಿರಲಿ, ಈ ಉಪಾಯವನ್ನು ಅನುಸರಿಸತಕ್ಕದ್ದಲ್ಲ.

ಬ್ಯಾಟರಿಯ ಪರೀಕ್ಷೆ

ಎಂಜಿನ್ನನ್ನು ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ, ಸಾಧ್ಯವಾದರೆ ಬೆಳಗ್ಗೆ, ಮೀಟರಿನ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ನೋಡಬೇಕು. ಆರು ಕೋಶಗಳುಳ್ಳ ಬ್ಯಾಟರಿಯು ಪೂರ್ತಿ ತುಂಬಿದ್ದರೆ ಸುಮಾರು ೧೨.೬ ವೋಲ್ಟ್, ಅರ್ಧ ತುಂಬಿದ್ದರೆ ಸುಮಾರು ೧೨.೨ ವೋಲ್ಟ್ ತೋರುವುದು. ೧೨ಕ್ಕಿಂತ ಕಡಿಮೆಯಾದರೆ ಬಹಳ ಬರಿದಾಗಿದೆಯೆಂದು ತಿಳಿಯಬೇಕು. ಚಾರ್ಜು ಮಾಡಿದ ಮೇಲೂ ಅದು ಸುಮಾರು ೧೦.೫ರಲ್ಲಿಯೇ ನಿಂತರೆ ಒಂದು ಕೋಶವು ಕೆಟ್ಟಿರುವ ಸಂಭವವುಂಟು. ಅಂತಹ ಬ್ಯಾಟರಿಯನ್ನು ಬದಲಿಸುವುದೇ ಲೇಸು. ಮುಚ್ಚಳಗಳನ್ನು ತೆಗೆಯಬಹುದಾದ ಬ್ಯಾಟರಿಯಾದರೆ, ಹೈಡ್ರೋಮೀಟರಿನಿಂದ ಕೋಶಕೋಶದ ಆಮ್ಲವನ್ನೂ ನೋಡಬಹುದು. ತುಂಬಿದ ಕೋಶದ ಆಮ್ಲದ ಸಾಂದ್ರತೆಯು ೧.೨೫ರಿಂದ ೧.೨೮ರವರೆಗಿರುವುದು. ಒಂದು ಕೋಶ ಮಾತ್ರ ಮಿಕ್ಕವುಗಳಿಗಿಂತ ೦.೦೫ರಷ್ಟು ಹಿಂದುಳಿದಿದ್ದರೆ ಅದೇ ದುರ್ಬಲವಾದುದು. ಆಮ್ಲವು ಮೈಮೇಲೆ ಬಿದ್ದರೆ ಆ ಕ್ಷಣವೇ ಹೇರಳವಾದ ನೀರಿನಿಂದ ತೊಳೆಯಬೇಕು.

ಸ್ಟಾರ್ಟರಿನ ಹಾದಿಯ ಪರೀಕ್ಷೆ

ಮೊದಲು ಸದ್ದನ್ನು ಕೇಳತಕ್ಕದ್ದು. ಕೀಲಿಯನ್ನು ತಿರುಗಿಸಿದಾಗ ‘ಟಕಟಕಟಕ’ ಎಂದು ಬಿಡದೆ ಬಡಿದುಕೊಂಡರೆ, ಬ್ಯಾಟರಿಯು ಬರಿದಾಗಿರುವುದು, ಇಲ್ಲವೆ ಅದರ ಕೊಂಡಿಗಳು ಕೆಟ್ಟಿರುವುದು ಕಾರಣ. ಒಂದೇ ಸಲ ಬಲವಾಗಿ ‘ಟಕ್’ ಎಂದು ನಿಂತರೆ ದಪ್ಪ ತಂತಿಗಳು, ಸೊಲಿನಾಯ್ಡಿನ ಒಳಗಿನ ಸಂಪರ್ಕ, ಅಥವಾ ಮೋಟಾರನ್ನು ಅನುಮಾನಿಸಬೇಕು. ಸದ್ದೇ ಇಲ್ಲದಿದ್ದರೆ ಕೀಲಿಯ ಸ್ವಿಚ್ಚು, ಸಣ್ಣ ತಂತಿ, ಅಥವಾ ಕ್ಲಚ್ಚಿನ ಬಳಿಯ ರಕ್ಷಣೆಯ ಸ್ವಿಚ್ಚಿನ ಕಡೆಗೆ ಗಮನಕೊಡಬೇಕು. ಮುಂದಿನ ದೀಪಗಳನ್ನು ಹಚ್ಚಿಟ್ಟು ಕೀಲಿಯನ್ನು ತಿರುಗಿಸುವುದೂ ಒಂದು ಸುಲಭವಾದ ಪರೀಕ್ಷೆ. ದೀಪಗಳು ಸ್ವಲ್ಪವೂ ಮಂಕಾಗದೆ ಉರಿಯುತ್ತಿದ್ದರೆ ಪ್ರವಾಹವು ಸ್ಟಾರ್ಟರನ್ನು ಮುಟ್ಟುತ್ತಿಲ್ಲ. ಪೂರ್ತಿಯಾಗಿ ನಂದಿಹೋದರೆ ಬ್ಯಾಟರಿಯಲ್ಲಿ ಅಥವಾ ಅದರ ಕೊಂಡಿಯಲ್ಲಿಯೇ ಕೊರತೆಯುಂಟು.

ಆಮೇಲೆ ಮೀಟರಿನ ಕೆಲಸ. ಡೀಸೆಲನ್ನು ನಿಲ್ಲಿಸುವ ಗುಂಡಿಯನ್ನು ಎಳೆದಿಟ್ಟರೆ ಎಂಜಿನ್ನು ಹೊರಡದೆ ತಿರುಗುತ್ತ ಮಾತ್ರ ಇರುವುದು. ಒಬ್ಬನು ಆಸನದಲ್ಲಿ ಕುಳಿತು ಕೀಲಿಯನ್ನು ತಿರುಗಿಸಬೇಕು. ಇನ್ನೊಬ್ಬನು ಚಕ್ರಗಳಿಂದಲೂ ಬೆಲ್ಟಿನಿಂದಲೂ ದೂರ ನಿಂತು ಅಳೆಯಬೇಕು. ಪ್ರತಿಸಲವೂ ಹತ್ತು ಸೆಕೆಂಡುಗಳಿಗೆ ಮೀರದಂತೆ ತಿರುಗಿಸಿ, ನಡುವೆ ಒಂದೆರಡು ನಿಮಿಷ ಸ್ಟಾರ್ಟರಿಗೆ ಆರಲು ಬಿಡತಕ್ಕದ್ದು. ನಾಲ್ಕು ಅಳತೆಗಳು ಸಾಕು:

(೧) ಬ್ಯಾಟರಿಯ ಎರಡು ಕಂಬಗಳ ನಡುವೆ. ಇದು ೯.೬ ವೋಲ್ಟಿಗಿಂತ ಕೆಳಗಿಳಿಯಬಾರದು.
(೨) ಸ್ಟಾರ್ಟರಿನ ದಪ್ಪ ಬೋಲ್ಟು ಮತ್ತು ಸ್ಟಾರ್ಟರಿನ ಲೋಹದ ಒಡಲು, ಇವುಗಳ ನಡುವೆ.
(೩) ಬ್ಯಾಟರಿಯ ಧನಾಗ್ರ ಮತ್ತು ಸ್ಟಾರ್ಟರಿನ ದಪ್ಪ ಬೋಲ್ಟು, ಇವುಗಳ ನಡುವೆ.
(೪) ಬ್ಯಾಟರಿಯ ಋಣಾಗ್ರ ಮತ್ತು ಸ್ಟಾರ್ಟರಿನ ಒಡಲು, ಇವುಗಳ ನಡುವೆ.

ಕಡೆಯ ಎರಡು ಅಳತೆಗಳು ಹಾದಿಯಲ್ಲಿ ನಷ್ಟವಾಗುವ ವೋಲ್ಟುಗಳನ್ನು ನೇರವಾಗಿ ತೋರಿಸುವುವು. ಇವುಗಳಲ್ಲಿ ಯಾವುದಾದರೂ ಅರ್ಧ ವೋಲ್ಟಿಗೆ ಮೀರಿದರೆ ಆ ಕಡೆಯ ಹಾದಿಯಲ್ಲಿ ದೋಷವಿದೆಯೆಂದು ತಿಳಿಯತಕ್ಕದ್ದು.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ನಿಧಾನವಾಗಿ ತಿರುಗುವ ಒಂದು ಸ್ಟಾರ್ಟರಿನಲ್ಲಿ ಮೊದಲನೆಯ ಅಳತೆ ೧೧.೪, ಎರಡನೆಯದು ೮.೧, ಮೂರನೆಯದು ೦.೩, ನಾಲ್ಕನೆಯದು ೩.೦ ಎಂದು ಬಂದಿತೆಂದು ಭಾವಿಸೋಣ. ೧೧.೪ರಲ್ಲಿ ನಿಂತಿರುವ ಬ್ಯಾಟರಿಯು ನಿರ್ದೋಷಿ. ಧನಾಗ್ರದ ತಂತಿಯಲ್ಲಿ ೦.೩ ಮಾತ್ರ ಹೋಗಿದೆ, ಅದೂ ಸರಿಯಾಗಿದೆ. ಆದರೆ ಹಿಂದಿರುಗುವ ಹಾದಿಯಲ್ಲಿ ೩ ವೋಲ್ಟುಗಳು ಮಾಯವಾಗಿವೆ. ಇನ್ನು ಮೀಟರಿನ ಒಂದು ಮೊನೆಯನ್ನು ಋಣಾಗ್ರದ ಕಂಬದಲ್ಲಿಯೇ ಇಟ್ಟು, ಇನ್ನೊಂದನ್ನು ಕ್ರಮವಾಗಿ ಕೊಂಡಿಗೆ, ತಂತಿಯ ಆಚೆಯ ತುದಿಗೆ, ಅದು ಬಿಗಿದಿರುವ ಒಡಲಿಗೆ, ಕಡೆಗೆ ಎಂಜಿನ್ನಿಗೆ ಮುಟ್ಟಿಸುತ್ತ ಹೋದರೆ, ಯಾವ ಜೋಡಣೆಯನ್ನು ದಾಟಿದಾಗ ಅಂಕಿಯು ಒಮ್ಮೆಗೇ ಏರುವುದೋ ಅಲ್ಲಿಯೇ ದೋಷವಿರುವುದು. ಆ ಒಂದು ಬೋಲ್ಟನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಉಜ್ಜಿ, ಹೊಳೆಯುವ ಲೋಹಕ್ಕೆ ಲೋಹವು ಕೂಡುವಂತೆ ಬಿಗಿದರೆ ಸಾಕು. ಬ್ಯಾಟರಿಯನ್ನಾಗಲಿ ಸ್ಟಾರ್ಟರನ್ನಾಗಲಿ ಕೊಳ್ಳಬೇಕಾದ ಪ್ರಮೇಯವಿಲ್ಲ. ಎರಡನೆಯ ಅಳತೆಯೂ ಚೆನ್ನಾಗಿದ್ದು ಮೋಟಾರು ಮಾತ್ರ ತಿರುಗದಿದ್ದರೆ, ಆಗ ಸ್ಟಾರ್ಟರನ್ನೋ ಸೊಲಿನಾಯ್ಡನ್ನೋ ಕಳಚಿ ಮೆಕ್ಯಾನಿಕನಿಗೆ ಒಪ್ಪಿಸುವುದು ನ್ಯಾಯವಾದುದು.

ಚಾರ್ಜು ಆಗುತ್ತಿದೆಯೇ?

ಎಂಜಿನ್ನು ಮಧ್ಯಮ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ಕಂಬಗಳ ನಡುವೆ ೧೩.೮ರಿಂದ ೧೪.೫ ವೋಲ್ಟುಗಳು ಕಾಣಬೇಕು. ೧೩ಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿಯು ತುಂಬುತ್ತಿಲ್ಲ. ಮೊದಲು ಬೆಲ್ಟಿನ ಬಿಗಿಯನ್ನೂ, ಆಲ್ಟರ್ನೇಟರಿನ ಹಿಂದಿನ ಕೊಂಡಿಗಳನ್ನೂ ನೋಡತಕ್ಕದ್ದು. ಹಲವು ಆಲ್ಟರ್ನೇಟರುಗಳಲ್ಲಿ ಮುಂದಿನ ಹಲಗೆಯ ಕೆಂಪು ದೀಪದ ಮೂಲಕವೇ ಮೊದಲ ಪ್ರವಾಹವು ಬರುವುದರಿಂದ, ಆ ಸಣ್ಣ ಬಲ್ಬು ಸುಟ್ಟುಹೋಗಿದ್ದರೂ ಚಾರ್ಜು ಆರಂಭವಾಗದಿರಬಹುದು. ೧೫ ವೋಲ್ಟಿಗೆ ಮೀರಿದರೆ ರೆಗ್ಯುಲೇಟರು ಕೆಟ್ಟಿದೆ. ಹಾಗೆಯೇ ಓಡಿಸಿದರೆ ಬ್ಯಾಟರಿಯ ನೀರು ಬತ್ತಿ ಫಲಕಗಳು ಹಾಳಾಗುವುವು.

ದೀಪಗಳ ದೋಷಗಳು

ಒಂದು ದೀಪ ಮಾತ್ರ ಉರಿಯದಿದ್ದರೆ ಬಲ್ಬನ್ನೂ, ಹಲವು ದೀಪಗಳು ಒಟ್ಟಿಗೆ ಆರಿಹೋದರೆ ಫ್ಯೂಸನ್ನೂ, ಒಂದನ್ನು ಹಚ್ಚಿದರೆ ಇನ್ನೊಂದು ಮಿಣುಕಿದರೆ ಅರ್ತನ್ನೂ ಮೊದಲು ನೋಡಬೇಕು. ಬಲಗಡೆಯ ಸೂಚಕದೀಪವನ್ನು ಹಾಕಿದಾಗ ಹಿಂದಿನ ಕೆಂಪು ದೀಪವೂ ಕೂಡ ಮಂದವಾಗಿ ಮಿಟುಕುವುದು ಇದಕ್ಕೆ ನಿದರ್ಶನ. ತನ್ನ ಅರ್ತಿನ ಹಾದಿಯು ಮುಚ್ಚಿದ್ದರಿಂದ ಪ್ರವಾಹವು ನೆರೆಯ ದೀಪದೊಳಗೆ ನುಗ್ಗಿ ಹಿಂದಿರುಗುವುದೇ ಇದರ ಕಾರಣ. ಟ್ರೈಲರುಗಳಲ್ಲಿ ಈ ದೋಷವು ವಿಶೇಷ. ಕೂಡಿಸುವ ಕೊಕ್ಕೆಯೇ ಅರ್ತಾಗುವುದೆಂದು ನಂಬಿ ಬೇರೆ ತಂತಿಯನ್ನು ಹಾಕದೆ ಬಿಟ್ಟಿದ್ದರೆ, ಗ್ರೀಸು ಮತ್ತು ಧೂಳು ತುಂಬಿದ ಆ ಕೊಕ್ಕೆಯ ಮೂಲಕ ದೀಪಗಳು ಒಮ್ಮೆ ಉರಿದು ಒಮ್ಮೆ ಆರುವುವು. ಕಬ್ಬು ತುಂಬಿದ ಟ್ರೈಲರು ರಾತ್ರಿಯಲ್ಲಿ ಹಿಂದೀಪವಿಲ್ಲದೆ ರಸ್ತೆಯಲ್ಲಿ ಚಲಿಸುವುದು ಅನ್ಯರ ಪ್ರಾಣಕ್ಕೆ ಅಪಾಯಕರ. ಟ್ರೈಲರಿನಿಂದ ಟ್ರ್ಯಾಕ್ಟರಿಗೆ ಪ್ರತ್ಯೇಕವಾದ ಒಂದು ಅರ್ತ್ ತಂತಿಯನ್ನು ಎಳೆಯಲು ಆಗುವ ವೆಚ್ಚವು ಅತ್ಯಲ್ಪ.

ಫ್ಯೂಸು ಪದೇ ಪದೇ ಕರಗಿದರೆ

ಫ್ಯೂಸು ಇರುವುದು ತಂತಿಯನ್ನು ಕಾಪಾಡುವುದಕ್ಕೆ. ಹತ್ತು ಆಂಪಿಯರಿನ ಫ್ಯೂಸು ಕರಗಿದ ಸ್ಥಳದಲ್ಲಿ ದಪ್ಪ ತಾಮ್ರದ ಎಳೆಯನ್ನಾಗಲಿ ಸಿಗರೇಟು ಪೊಟ್ಟಣದ ತಗಡನ್ನಾಗಲಿ ಸಿಕ್ಕಿಸಿದರೆ, ಮುಂದಿನ ಸಲ ಕರಗುವುದು ತಂತಿಯ ಹೊದಿಕೆ. ಅನಂತರ ಉರಿಯುವುದು ಟ್ರ್ಯಾಕ್ಟರು.

ಫ್ಯೂಸುಗಳನ್ನು ಒಂದೊಂದಾಗಿ ಬಲಿಕೊಡದೆ ದೋಷವನ್ನು ಹಿಡಿಯಲು ಹಳೆಯದಾದರೂ ಉತ್ತಮವಾದ ಒಂದು ಉಪಾಯವುಂಟು. ಕರಗಿದ ಫ್ಯೂಸನ್ನು ತೆಗೆದು, ಅದರ ಎರಡು ತುದಿಗಳಿಗೆ ೧೨ ವೋಲ್ಟ್ ೨೧ ವಾಟಿನ ಬಲ್ಬಿನ ತಂತಿಗಳನ್ನು ಕೂಡಿಸಬೇಕು. ಆ ಹಾದಿಯಲ್ಲಿರುವ ದೀಪಗಳನ್ನೂ ಹಾರನ್ನನ್ನೂ ಕಳಚಿದ ಮೇಲೂ ಬಲ್ಬು ಪೂರ್ಣಕಾಂತಿಯಿಂದ ಉರಿದರೆ, ತಂತಿಯು ಎಲ್ಲಿಯೋ ಕಬ್ಬಿಣಕ್ಕೆ ತಗಲಿದೆ. ಬಲ್ಬು ಎರಡು ಆಂಪಿಯರಿಗೂ ಕಡಿಮೆ ಪ್ರವಾಹವನ್ನೇ ಬಿಡುವುದರಿಂದ ತಂತಿಗೆ ಅಪಾಯವಿಲ್ಲ. ಈಗ ತಂತಿಗಳ ಕಟ್ಟನ್ನು ಅಂಗುಲ ಅಂಗುಲವಾಗಿ ಅಲುಗಿಸುತ್ತ, ಕವಲುಗಳ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಯಾವ ಸ್ಥಳದಲ್ಲಿ ಬಲ್ಬು ಆರುವುದೋ ಅಲ್ಲಿಯೇ ಅಡ್ಡದಾರಿ. ತಂತಿಯು ತಗಡಿನ ರಂಧ್ರವನ್ನು ದಾಟುವ ಕಡೆಗಳಲ್ಲಿಯೂ, ಸೈಲೆನ್ಸರಿನ ಬಳಿಯಲ್ಲಿಯೂ, ಮಡ್‌ಗಾರ್ಡಿನ ಕೆಳಗೂ ಮೊದಲು ನೋಡುವುದು ಮೇಲು.

ರಾತ್ರಿ ಸೋರುವ ಪ್ರವಾಹ

ಸಂಜೆ ಚೆನ್ನಾಗಿ ಓಡಿದ ಟ್ರ್ಯಾಕ್ಟರು ಎರಡು ಮೂರು ದಿವಸ ನಿಂತ ಮೇಲೆ ಹೊರಡದಿದ್ದರೆ, ನಿಂತಿರುವಾಗಲೂ ಪ್ರವಾಹವು ಸೋರುತ್ತಿರಬಹುದು. ಅರ್ಧ ಆಂಪಿಯರಿನ ಸೋರಿಕೆಯು ಅಲ್ಪವೆಂದು ತೋರಿದರೂ ದಿವಸಕ್ಕೆ ೧೨ ಆಂಪಿಯರ್-ಗಂಟೆಗಳನ್ನು ಕುಡಿಯುವುದು. ೭೫ ಆಂಪಿಯರ್-ಗಂಟೆಯ ಬ್ಯಾಟರಿಯು ಮೂರು ದಿವಸಗಳಲ್ಲಿ ಹೆಚ್ಚುಕಡಿಮೆ ಅರ್ಧ ಬರಿದಾಗುವುದು. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಋಣಾಗ್ರದ ತಂತಿಯನ್ನು ಕಳಚಿ, ಆ ತಂತಿಗೂ ಕಂಬಕ್ಕೂ ನಡುವೆ ಮೀಟರನ್ನು ೧೦ ಆಂಪಿಯರಿನ ಅಳತೆಯಲ್ಲಿ ಕೂಡಿಸಿ ನೋಡಬೇಕು. ಹೀಗಿರುವಾಗ ಸ್ಟಾರ್ಟರನ್ನು ಮುಟ್ಟಿದರೆ ಮೀಟರು ಸುಟ್ಟುಹೋಗುವುದು. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ೦.೦೫ ಆಂಪಿಯರಿಗಿಂತ ಹೆಚ್ಚು ಕಾಣಬಾರದು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಅಂಕಿಯು ಇಳಿಯುವುದೋ ಆ ಹಾದಿಯನ್ನು ಶೋಧಿಸಬೇಕು. ಫ್ಯೂಸುಗಳೆಲ್ಲವನ್ನು ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡುಗಳ ಮೂಲಕ ಸೋರುತ್ತಿರುವ ಸಂಭವವುಂಟು.

ಭಾರತದಲ್ಲಿ ೨೦೨೩ರಿಂದ ೫೦ ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟಾದ ನಿಯಮವು ಜಾರಿಗೆ ಬಂದ ಮೇಲೆ, ಅಂತಹ ಹಲವು ಟ್ರ್ಯಾಕ್ಟರುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣಗಳಿರುವುವು. ಅವುಗಳ ಸಣ್ಣ ತಂತಿಗಳಿಗೆ ಬಲ್ಬನ್ನು ಕೂಡಿಸಿ ಪರೀಕ್ಷಿಸಕೂಡದು. ಬ್ಯಾಟರಿ, ಸ್ಟಾರ್ಟರು ಮತ್ತು ದೀಪಗಳ ವಿಷಯದಲ್ಲಿ ಮಾತ್ರ ಇಲ್ಲಿ ಹೇಳಿದ ಕ್ರಮವನ್ನು ಅನುಸರಿಸಿ, ಉಳಿದುದನ್ನು ತಿಳಿದವರಿಗೆ ಬಿಡತಕ್ಕದ್ದು.

ಪಾಲನೆ

ದೋಷವನ್ನು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ತಿಂಗಳಿಗೊಮ್ಮೆ ಬ್ಯಾಟರಿಯ ಕೊಂಡಿಗಳ ಮೇಲಿನ ಬಿಳಿಯ ಹಾಗೂ ಹಸುರು ಬಣ್ಣದ ಪುಡಿಯನ್ನು ಅಡಿಗೆಯ ಸೋಡಾ ಬೆರೆಸಿದ ನೀರಿನಿಂದ, ಆ ನೀರು ಕೋಶಗಳೊಳಕ್ಕೆ ಇಳಿಯದಂತೆ, ತೊಳೆದು, ಒರಸಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನನ್ನು ಸವರಬೇಕು. ಕೋಶಗಳಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆಬಾವಿಯ ನೀರು ಸಲ್ಲದು. ಕೆಸರುಗದ್ದೆಯ ಕೆಲಸವು ಮುಗಿದ ಮೇಲೆ ಟ್ರೈಲರಿನ ಕೊಂಡಿಯನ್ನೂ ಅರ್ತಿನ ಬೋಲ್ಟುಗಳನ್ನೂ ಶುಚಿಮಾಡಬೇಕು. ಟ್ರ್ಯಾಕ್ಟರಿನ ಮೇಲೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನು ಕಳಚಿಡಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಹುಲ್ಲು ಧಾನ್ಯಗಳ ಪಕ್ಕದಲ್ಲಿ ನಿಲ್ಲಿಸಿದರೆ ಇಲಿಗಳು ತಂತಿಗಳನ್ನು ಕಡಿಯುವುವಾದುದರಿಂದ ಬೇರೆ ಸ್ಥಳವನ್ನು ಗೊತ್ತುಮಾಡುವುದು ಒಳ್ಳೆಯದು.

ಮೇಲೆ ಹೇಳಿದ ನಾಲ್ಕು ಅಳತೆಗಳನ್ನು ಟ್ರ್ಯಾಕ್ಟರು ಸುಸ್ಥಿತಿಯಲ್ಲಿರುವಾಗಲೇ ಒಮ್ಮೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟರೆ, ತೊಂದರೆಯು ಬಂದ ದಿವಸ ಹೋಲಿಸಿ ನೋಡಲು ಬಹಳ ಅನುಕೂಲವಾಗುವುದು. ಬೇಸಿಗೆಯ ಕಡೆಯಲ್ಲಿ, ಮೊದಲ ಮಳೆಗೆ ಮುಂಚೆ, ಅರ್ಧ ದಿವಸವನ್ನು ಈ ಪರೀಕ್ಷೆಗೆ ಮೀಸಲಾಗಿಟ್ಟ ಸಾಗುವಳಿದಾರನು ಹದ ಬಂದ ಬೆಳಗ್ಗೆ ಪೇಟೆಯ ದಾರಿಯನ್ನು ಹಿಡಿಯದೆ ಹೊಲದ ದಾರಿಯನ್ನು ಹಿಡಿಯಬಹುದು.